ಡ್ರಾಯರಿನಲ್ಲಿಟ್ಟ ಬ್ಯಾಡ್ಜ್

"ಬ್ಯಾಡ್ಜ್ ಬಿಚ್ಚಿ ಡ್ರಾಯರಿಗೆ ಹಾಕಿ, ಒಳಗೆ ನಡೀರಿ," ಎಂದ ಸೂಪರ್‌ವೈಸರ್. ಮೈಗೆ ತಗುಲಿದ ವಿಕಿರಣವನ್ನು ಅಳೆಯಲೆಂದೇ ಎದೆಗೆ ಸಿಕ್ಕಿಸುವ ಬ್ಯಾಡ್ಜ್ ಅದು. ವಿಕಿರಣ ಹೆಚ್ಚಿರುವ ಕೋಣೆಗೆ ಹೋಗುವಾಗ ಮಾತ್ರ ಅದನ್ನು ಬಿಚ್ಚಿಡುವುದು ಆ ಅಣುಬಾಂಬ್ ಕಾರ್ಖಾನೆಯ ವಾಡಿಕೆ. ಹಾಗಾಗಿ ಎಷ್ಟು ಬಾಂಬು ತಯಾರಾದರೂ ಕಾಗದದ ಮೇಲೆ ಯಾರ ಮೈಗೂ ಏನೂ ತಗುಲಿರಲಿಲ್ಲ.

ಸಾಲಿನಲ್ಲಿದ್ದವರೆಲ್ಲ ಬಿಚ್ಚಿ ಹಾಕಿದರು. ಲೇತ್ ಯಂತ್ರ ನಡೆಸುವವಳು ಮಾತ್ರ ಬಿಚ್ಚಲಿಲ್ಲ.

"ನಿಂಗೆ ಬೇರೆ ಹೇಳ್ಬೇಕಾ? ಅಳತೆ ಮೀರಿದ್ರೆ ಕೆಲ್ಸ ನಿಲ್ಲಿಸ್ತಾರೆ. ಎಲ್ಲರ ಹೊಟ್ಟೆ ಮೇಲೆ ಹೊಡೀತೀಯಾ?"

"ಅಕ್ಕ ಸತ್ತಾಗ ಅವಳ ಬ್ಯಾಡ್ಜಲ್ಲಿ ಏನೂ ಇರ್ಲಿಲ್ಲ, ಭಾವ," ಎಂದಳು. ಕಾರ್ಖಾನೆಯೊಳಗೆ ಅವಳು ಅವನನ್ನು ಎಂದೂ ಹಾಗೆ ಕರೆದಿರಲಿಲ್ಲ. "ಕ್ಯಾನ್ಸರಿಗೂ ಕೆಲಸಕ್ಕೂ ಸಂಬಂಧ ಇಲ್ಲ ಅಂತ ಆಫೀಸಿನವ್ರು ಅದನ್ನೇ ತೋರ್ಸಿದ್ರು. ನೀವು ತಲೆ ಆಡಿಸಿ ಬಂದ್ರಿ. ನಾನು ಬಿಚ್ಚಲ್ಲ."

ಬ್ಯಾಡ್ಜಿನ ಪಿನ್ನನ್ನು ಇನ್ನೊಮ್ಮೆ ಒತ್ತಿ, ಬಾಗಿಲು ತಳ್ಳಿದಳು. ಹಿಂದೆ ಡ್ರಾಯರ್ ಎಳೆದ ಸದ್ದಾಯಿತು. ತಿರುಗಿ ನೋಡಿದರೆ, ಭಾವ ಅದನ್ನು ಮೇಜಿನಿಂದ ಪೂರ್ತಿ ಹೊರಗೆ ಕಿತ್ತು, ಸಾಲಿನಲ್ಲಿದ್ದವರ ಮುಂದೆ ಹಿಡಿದು ನಿಂತಿದ್ದ.

"ಅವರವರದ್ದು ಅವರವರು ತಗೊಳ್ಳಿ," ಎಂದ.