ಕಪ್ಪು ಶಾಲಿನ ಮುಖಗಳು

"ಇವು ಮುಖಗಳಲ್ಲ ಸ್ವಾಮಿ, ಮುಖವಾಡಗಳು!" ಫೋಟೋ ಪ್ರದರ್ಶನದ ವೇದಿಕೆಯ ಮೇಲೆ ವಿಮರ್ಶಕರು ಮೇಜು ಬಡಿದ ರಭಸಕ್ಕೆ ಮೈಕು ಕಿರ್ರೆಂದಿತು.

ಮೂರನೆಯ ಸಾಲಿನಲ್ಲಿದ್ದ ಕನ್ನಡಕದ ಅಂಗಡಿಯವಳು ಬೆಚ್ಚಿ ತಲೆಯೆತ್ತಿದಳು. ಮಡಿಲಲ್ಲಿದ್ದ ಫೋಟೋವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಇನ್ನು ಮುಕ್ಕಾಲು ಗಂಟೆಯಲ್ಲಿ ಅವಳು ಠಾಣೆಗೆ ಫೋನ್ ಮಾಡಿ, ಹೌದೋ ಅಲ್ಲವೋ, ಒಂದೇ ಮಾತು ಹೇಳಬೇಕಿತ್ತು.

ಠಾಣೆಯ ಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. ನಿನ್ನೆ ಸೀದಾ ಮನೆಗೆ ಬಂದು "ನಾನು ನಿಮ್ಮಪ್ಪ ಕಣಮ್ಮಾ" ಅಂದಿದ್ದ. ಅವಳಿಗೆ ಎರಡು ತುಂಬುವ ಮುಂಚೆ ಕೆಲಸ ಹುಡುಕಿಕೊಂಡು ಹಡಗು ಹತ್ತಿದ ಅಪ್ಪ, ಮೂವತ್ತು ವರ್ಷ ಕಳೆದರೂ ಸುದ್ದಿಯಿಲ್ಲ. ಅಮ್ಮ ಹೋಗಿ ಎಂಟು ವರ್ಷವಾಯಿತು. ಅಮ್ಮನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದೂ ಮುದುಕನಿಗೆ ಗೊತ್ತಿತ್ತು. ಗೊತ್ತಿರದೆ ಏನು? ಒಂಟಿ ಹೆಣ್ಣು, ಸ್ವಂತ ಮನೆ. ಇಂಥದ್ದಕ್ಕೆ ತಯಾರಿ ಮಾಡಿಕೊಂಡೇ ಬರುತ್ತಾರೆ.

ಅವಳಿಗೆ ಗೊತ್ತಿದ್ದ ಅಪ್ಪ ಎಂದರೆ ಈ ಫೋಟೋ ಮಾತ್ರ. ಕಪ್ಪು ಪರದೆ, ಕಪ್ಪು ಶಾಲು, ನಡುವೆ ನಗುವ ಮುಖ, ಬಲಗೆನ್ನೆಯ ಮೇಲೆ ಕಾಳಿನಷ್ಟು ಮಚ್ಚೆ. ದಿನಾ ಬೆಳಿಗ್ಗೆ ಅದಕ್ಕೆ ಹೇಳಿಯೇ ಅಂಗಡಿ ಬಾಗಿಲು ತೆಗೆಯುತ್ತಿದ್ದಳು. ಮುದುಕನಿಗೂ ಮಚ್ಚೆಯಿತ್ತು. ಎಡಗೆನ್ನೆಯ ಮೇಲೆ. ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದರೆ ಗಿರಾಕಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾನೆ. ಇಂಥ ವಿಷಯದಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಫೋಟೋ ಮುಂದೆ ಹಿಡಿದು ಕೇಳಿಯೂ ಬಿಟ್ಟಿದ್ದಳು. ಮುದುಕ ತುಂಬ ಹೊತ್ತು ನೋಡಿ, "ನಾನೇ ಅಲ್ವೇನಮ್ಮಾ ಇದು? ಪಕ್ಕಾ ನಾನೇ" ಅಂದ. ಎಂಥ ಧೈರ್ಯ! ಆಗಲೇ ಪೊಲೀಸರನ್ನು ಕರೆಸಿದ್ದಳು.

"ನಾಲ್ಕು ಗಂಟೆಗೆ ಬಸ್ಸಿದೆ. ಅಪ್ಪ ಅಂದ್ರೆ ಬಂದು ಕರ್ಕೊಂಡು ಹೋಗಿ, ಅಲ್ಲ ಅಂದ್ರೆ ಅದಕ್ಕೆ ಹತ್ತಿಸಿ ಜಿಲ್ಲೆ ಗಡಿ ದಾಟಿಸ್ತೀವಿ" ಎಂದಿದ್ದರು ಇನ್ಸ್‌ಪೆಕ್ಟರು.

ಅಪ್ಪನ ಆ ಫೋಟೋ ತೆಗೆದವರು ವೇದಿಕೆಯ ಮೇಲೇ ಇದ್ದರು. ಜನ ಪ್ರೀತಿಯಿಂದ ಕರೆಯುವುದು ಫೋಟೋ ಮೇಷ್ಟ್ರು ಎಂದು. ಎಂಬತ್ತು ದಾಟಿದ ಜೀವ. ನಲವತ್ತು ವರ್ಷದ ಕೆಲಸವೆಲ್ಲ ಸುತ್ತಲಿನ ಗೋಡೆಗಳ ಮೇಲಿತ್ತು. ಅದರ ಬೆಲೆ ಎಷ್ಟೆಂದೇ ಇವತ್ತಿನ ಚರ್ಚೆ.

"ಒಂದು ಜೇಬಿಲ್ಲ, ಗುಂಡಿಯಿಲ್ಲ, ಕೈಯಲ್ಲೊಂದು ಪುಸ್ತಕವಿಲ್ಲ" ವಿಮರ್ಶಕರು ಬಿಡಲಿಲ್ಲ. "ಬಂದೋರಿಗೆಲ್ಲ ಒಂದೇ ಶಾಲು! ಇದು ಕಲೆಯೋ, ಕ್ಷೌರದಂಗಡಿಯೋ?"

ಸಭೆ ಘೊಳ್ಳೆಂದಿತು.

"ಕ್ಷೌರಿಕನೂ ಮುಖ ನೋಡಿಯೇ ಕೆಲಸ ಮಾಡೋದು ಸ್ವಾಮಿ" ಎಂದರು ಮೇಷ್ಟ್ರು ನಗುತ್ತ.

"ಇನ್ನೊಂದು ವಿಚಿತ್ರ. ಫೋಟೋ ತೆಗೆಸಿಕೊಂಡೋರೆಲ್ಲ ನಿಮ್ಮನ್ನ ಹೊಗಳ್ತಾರೆ. ಮನೆಯವರನ್ನ ಕೇಳಿದ್ರೆ, ಏನೋ ಸರಿಯಿಲ್ಲ ಅಂತಾರೆ. ನೀವು ಮುಖ ತಿದ್ದಿದ್ದೀರಿ ಅನ್ನೋದು ನನ್ನ ಅನುಮಾನ!"

ಪಕ್ಕದಲ್ಲಿದ್ದ ಚಿಕ್ಕಮ್ಮ ಅವಳ ಕಿವಿಗೆ ಬಗ್ಗಿದರು. "ನೋಡಿದ್ಯಾ? ನಿಮ್ಮಮ್ಮನೂ ಹಾಗೇ ಅಂತಿದ್ಲು. ಭಾವ ಮಾತ್ರ ಇದನ್ನ ಎದೆಗವಚಿಕೊಂಡು ಕುಣಿದಾಡಿದ್ರಂತೆ."

"ನೀವು ಅಪ್ಪನ್ನ ನೋಡಿದ್ರಲ್ಲ ಚಿಕ್ಕಮ್ಮಾ. ಮಚ್ಚೆ ಯಾವ ಕಡೆ ಇತ್ತು?"

"ಮದುವೇಲಿ ಒಂದ್ಸಲ ನೋಡಿದ್ದು. ಭಾವನ ಕೆನ್ನೆ ದಿಟ್ಟಿಸಿ ನೋಡ್ತಾರೇನೇ ಯಾರಾದ್ರೂ?"

ಅವಳಿಗೆ ನಗು ಬರಲಿಲ್ಲ. ಮುಖ ತಿದ್ದಿದ್ದಾರೆ ಎಂಬ ಮಾತು ಮುಳ್ಳಿನಂತೆ ಚುಚ್ಚಿತ್ತು. ಆ ಮಚ್ಚೆಯೂ ಕುಂಚದ ಕೆಲಸವೇ ಆಗಿದ್ದರೆ?

ಚಹಾಕ್ಕೆಂದು ಸಭೆ ಎದ್ದದ್ದೇ ತಡ, ಜನರನ್ನು ತಳ್ಳಿಕೊಂಡು ವೇದಿಕೆ ಹತ್ತಿದಳು.

"ಮೇಷ್ಟ್ರೇ, ನಿಜ ಹೇಳಿ. ಈ ಮಚ್ಚೆ ನೀವು ಬರೆದದ್ದಾ?"

ಮೇಷ್ಟ್ರು ಜೇಬಿನಿಂದ ಭೂತಗನ್ನಡಿ ತೆಗೆದು ಫೋಟೋದ ಮೇಲೆ ಬಗ್ಗಿದರು. ಒಂದು ನಿಮಿಷ. ಎರಡು. ಗಡಿಯಾರದ ಮುಳ್ಳು ಅವಳ ನೆತ್ತಿಯ ಮೇಲೇ ಓಡುತ್ತಿದ್ದಂತಿತ್ತು.

"ಫೋಟೋ ನನ್ನದೇ. ಆದ್ರೆ ಕುಂಚ ಮುಟ್ಟಿಲ್ಲ ತಾಯಿ. ಯಾವ ಮುಖಕ್ಕೂ ಒಂದು ಚುಕ್ಕೆ ಸೇರಿಸಿದೋನಲ್ಲ, ಅಳಿಸಿದೋನಲ್ಲ. ನನ್ನಾಣೆ."

ಅಷ್ಟು ಸಾಕಿತ್ತು. ಹೊರಗೆ ಬಂದು ಠಾಣೆಗೆ ಫೋನ್ ಮಾಡಿದಳು. "ಅಲ್ಲ ಸಾರ್. ಖಂಡಿತ ಅಲ್ಲ."

"ಸರಿ ಬಿಡಿ. ಬಸ್ಸು ಹತ್ತಿಸ್ತೀವಿ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಮುದುಕ."

ಆ ಕೊನೆಯ ಮಾತು ಹೇಳದಿದ್ದರೆ ಚೆನ್ನಾಗಿತ್ತು ಎನಿಸಿತು. ಒಳಗೆ ಬಂದು ಕೂತಳು. ಚಿಕ್ಕಮ್ಮ ಅವಳ ಬೆನ್ನು ಸವರಿ, "ಪೀಡೆ ತೊಲಗಿತು ಬಿಡು" ಅಂದರು. ನಾಲ್ಕು ಹೊಡೆಯಿತು.

ವಿಮರ್ಶಕರು ಮತ್ತೆ ಎದ್ದು ನಿಂತರು. "ಸರಿ, ತಿದ್ದಿಲ್ಲ ಅಂತೀರಿ. ಹಾಗಾದ್ರೆ ಮನೆಯವರಿಗೆ ಯಾಕೆ ಸರಿ ಕಾಣಲ್ಲ? ಉತ್ತರ ಕೊಡಿ."

ಮೇಷ್ಟ್ರು ಮೈಕನ್ನು ಹತ್ತಿರಕ್ಕೆಳೆದುಕೊಂಡರು. ಕಣ್ಣಲ್ಲಿ ತುಂಟತನ. "ಈ ವಯಸ್ಸಲ್ಲಿ ಗುಟ್ಟು ಕಟ್ಟಿಕೊಂಡು ಏನ್ಮಾಡ್ಲಿ? ಕೇಳಿ. ನಿಮ್ಮ ಮುಖ ನೀವು ನೋಡಿರೋದು ಎಲ್ಲಿ? ಕನ್ನಡೀಲಿ ತಾನೇ? ಅದಕ್ಕೇ ನಾನು ಪ್ರತಿಯೊಂದು ನೆಗೆಟಿವ್ವನ್ನೂ ಮಗುಚಿ ಹಾಕಿ ಪ್ರಿಂಟು ಹಾಕ್ತಿದ್ದೆ. ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ. ತೆಗೆಸಿಕೊಂಡೋರಿಗೆ ದಿನಾ ಕಾಣೋ ಮುಖವೇ ಕೈಗೆ ಸಿಗೋದು, ಕುಣಿದಾಡೋರು. ಜೇಬು, ಗುಂಡಿ ಕಂಡ್ರೆ ಗುಟ್ಟು ರಟ್ಟಾಗುತ್ತಲ್ಲ, ಅದಕ್ಕೇ ಶಾಲು!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಿಮರ್ಶಕರೂ ತಟ್ಟಿದರು. ಆ ಗದ್ದಲದಲ್ಲಿ ಕನ್ನಡಕದ ಅಂಗಡಿಯವಳು ಫೋನಿನೊಳಗೆ ಕಿರುಚುತ್ತಿದ್ದಳು:

"ಸಾರ್, ಬಸ್ಸು ನಿಲ್ಲಿಸಿ ಸಾರ್, ಅದರಲ್ಲಿ ನಮ್ಮಪ್ಪ ಇದ್ದಾರೆ!"