ಬೆರಳಿಗೆ ತೆಗೆದ ಕುಂಕುಮ

ಕುಂಕುಮದ ಭರಣಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ವಿಜಯನಗರದ ಅಜ್ಜಿ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಆಗಿನ್ನೂ ಅಲ್ಲಿ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಚರ್ಚಿನಲ್ಲಿ ದೀಕ್ಷಾಸ್ನಾನ ತಗೊಂಡ ಮೇಲೆ ಚಿಕ್ಕಮ್ಮ ಮೊದಲ ಸಲ ತವರಿಗೆ ಬಂದಿದ್ದಳು. ಊಟ ಚೆನ್ನಾಗಿಯೇ ಆಯಿತು, ತಾಯಿ ಮಗಳು ನಕ್ಕರು ಕೂಡ. ಹೊರಡುವ ಹೊತ್ತಿಗೆ ಅಜ್ಜಿ ರೂಢಿಯಂತೆ ಭರಣಿಗೆ ಬೆರಳದ್ದಿ ಅವಳ ಹಣೆಯ ಹತ್ತಿರ ತಂದಳು. ಚಿಕ್ಕಮ್ಮ ಮೆಲ್ಲಗೆ ಆ ಕೈ ಹಿಡಿದುಕೊಂಡಳು.

“ಬೇಡಮ್ಮ. ನಾನೀಗ ಯೇಸುವನ್ನ ನಂಬಿದೀನಿ.”

“ಗುಂಡುಕಲ್ಲಿನ ಹಾಗೆ ಗಂಡ ಇದಾನೆ, ಬೋಳು ಹಣೇಲಿ ಹೋಗ್ತೀಯೇನೇ? ನನಗೋಸ್ಕರ ಹಚ್ಕೊಳೇ. ಬೀದಿ ತಿರುಗಿದ ಮೇಲೆ ಒರೆಸ್ಕೋ.”

“ನಿನ್ನ ಮುಂದೆ ಸುಳ್ಳಾಡೋದಾ? ಸತ್ಯ ಅಂತ ಅನಿಸಿದ್ದನ್ನ ಬದುಕಿದ್ದಾಗಲೇ ಆರಿಸ್ಕೋಬೇಕಲ್ವಾಮ್ಮ?”

“ನಾನೂ ಬದುಕಿದೀನಲ್ಲೇ,” ಅಂದಳು ಅಜ್ಜಿ.

ಬೆರಳಿಗೆ ತೆಗೆದ ಕುಂಕುಮವನ್ನು ನಮ್ಮಲ್ಲಿ ಮತ್ತೆ ಭರಣಿಗೆ ಹಾಕುವುದಿಲ್ಲ. ಅಜ್ಜಿ ಅದನ್ನು ಪಕ್ಕದಲ್ಲಿದ್ದ ನನ್ನ ಹಣೆಗೆ ಒತ್ತಿ ಒಳಗೆ ಹೋಗಿಬಿಟ್ಟಳು. ಚಿಕ್ಕಮ್ಮ ಬಗ್ಗಿ ಆ ಕುಂಕುಮದ ಮೇಲೆಯೇ ನನಗೆ ಮುತ್ತಿಟ್ಟಳು. ಗೇಟು ದಾಟುವಾಗ ಅವಳ ತುಟಿ ಕೆಂಪಾಗಿತ್ತು, ಒರೆಸಿಕೊಳ್ಳಲಿಲ್ಲ. ಅಜ್ಜಿ ಅದನ್ನು ನೋಡಲೇ ಇಲ್ಲ.