ಕೈಯಲ್ಲಿ ಏನೂ ಇಲ್ಲ

ಲೂಷಿಯಸ್ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಹೆಂಡತಿ ವರ್ಡೆಲ್ ಮನೆಯಲ್ಲಿರಲಿಲ್ಲ. ಮುಂಬಾಗಿಲು ಹಾರುಹೊಡೆದಿತ್ತು. ಅವಳ ಚಪ್ಪಲಿಗಳು ಹೊಸಿಲ ಬಳಿಯೇ ಬಿದ್ದಿದ್ದವು. ಅವನು ಒದ್ದೆ ತಲೆಯಲ್ಲೇ ಬೀದಿಗಿಳಿದು, ಅಲಬಾಮಾದ ಆಗಸ್ಟ್ ಬಿಸಿಲಿನಲ್ಲಿ ಚರ್ಚಿನವರೆಗೆ ಹೋಗಿ ಬಂದ, ಆಮೇಲೆ ಕ್ಷೌರದಂಗಡಿಯವರೆಗೆ. ಅವಳನ್ನು ಕಂಡವರು ಯಾರೂ ಇರಲಿಲ್ಲ. ಮರೆವಿನ ಕಾಯಿಲೆ ಬಂದ ಮೇಲೆ ಅವಳು ಒಬ್ಬಳೇ ಅಂಗಳ ದಾಟಿದ್ದು ಇದೇ ಮೊದಲು.

ಮರಳಿ ಬಂದಾಗ ಪಕ್ಕದ ಮನೆಯ ಓಪಲ್ ಬಾಗಿಲಲ್ಲಿ ಕಾಯುತ್ತಿದ್ದಳು.

"ಪೊಲೀಸಿಗೆ ಫೋನ್ ಮಾಡಿ, ಬ್ರದರ್ ಲೂಷಿಯಸ್."

"ಬೇಡ."

"ಬರಿಗಾಲಲ್ಲಿ ಹೋಗಿದಾಳೆ. ಟಾರು ಕಾದು ಕೆಂಡ ಆಗಿದೆ. ಎಲ್ಲಾದ್ರೂ ಬಿದ್ದಿದ್ರೆ?"

"ಬೇಡ ಅಂದೆನಲ್ಲ ಓಪಲ್."

"ನಿಮ್ಮ ಹಟ ನೀವೇ ಇಟ್ಕೊಳ್ಳಿ. ರೈಲು ಹಳಿ ಕಡೆ ಹೋಗಿದ್ರೆ ಏನ್ಮಾಡ್ತೀರ? ಓಡಿ ಹಿಡಿಯೋಕೆ ನೀವೇನು ಎಳೇ ಹುಡುಗಾನಾ?"

ಹಟ ಯಾಕೆಂದು ಓಪಲ್‌ಗೂ ಗೊತ್ತಿತ್ತು, ಇಡೀ ಬೀದಿಗೇ ಗೊತ್ತಿತ್ತು. ಅವರ ಮಗ ಟೆರೆನ್ಸ್‌ಗೆ ಕಿವಿಯಲ್ಲಿ ಯಾರು ಯಾರದೋ ದನಿ ಕೇಳಿಸುತ್ತಿದ್ದ ಕಾಲ. ಒಂದು ಮಧ್ಯಾಹ್ನ ಅವನು ಕನ್ನಡಿ ಒಡೆದು, ಅಂಗಳದಲ್ಲಿ ನಿಂತು ಅಳುತ್ತಿದ್ದಾಗ, ಆಸ್ಪತ್ರೆಗೆ ಸೇರಿಸಲು ನೆರವಾಗಿ ಎಂದು ಪೊಲೀಸರನ್ನು ಕರೆಸಿದವಳು ವರ್ಡೆಲ್. ಬಂದವರಿಗೆ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಒಂದೇ ಕಾಣಿಸಿತು. ಕೈ ಎತ್ತು ಎಂದರು. ಅವನು ಎತ್ತಿದ, ಸ್ಕ್ರೂಡ್ರೈವರಿನ ಸಮೇತ. ತಾಯಿ ಮೆಟ್ಟಿಲಿಳಿದು ಅವನ ಬಳಿ ತಲುಪುವ ಮೊದಲೇ ಗುಂಡು ಹಾರಿ ಎಲ್ಲ ಮುಗಿದಿತ್ತು. ಯಾರದೂ ತಪ್ಪಿಲ್ಲ ಎಂದಿತು ಕೋರ್ಟು. ತಪ್ಪು ತನ್ನದು ಎಂದಳು ವರ್ಡೆಲ್. ಊಟದ ಮೇಜಿನಲ್ಲಿ, ಚರ್ಚಿನಲ್ಲಿ, ನಿದ್ದೆಯಲ್ಲಿ, ವರ್ಷಗಟ್ಟಲೆ ಅದನ್ನೇ ಅಂದಳು. ಮರೆವು ಬಂದ ಮೇಲೆ ಮಗನ ಹೆಸರೆತ್ತುವುದು ನಿಂತಿತು. ದೇವರು ಕೊನೆಗೂ ಅವಳ ಮೇಲೆ ಕರುಣೆ ತೋರಿದ ಎಂದುಕೊಂಡಿದ್ದ ಲೂಷಿಯಸ್.

ದೂರದಲ್ಲಿ ಗೂಡ್ಸ್ ರೈಲು ಕೂಗಿತು. ಅವನು ಫೋನ್ ಎತ್ತಿಕೊಂಡ.

"ನನ್ನ ಹೆಂಡತಿ ಕಾಣೆಯಾಗಿದಾಳೆ. ಮರೆವಿನ ಕಾಯಿಲೆ ಇದೆ. ಕಪ್ಪು ಹೆಂಗಸು, ವಯಸ್ಸಾಗಿದೆ, ಹಳದಿ ಗೌನು ಹಾಕಿದಾಳೆ. ಕೂಗಾಡಿದ್ರೆ ಹೆದರ್ತಾಳೆ, ಮೆಲ್ಲಗೆ ಮಾತಾಡೋಕೆ ಹೇಳಿ ಅವರಿಗೆ. ಕೈಯಲ್ಲಿ ಏನೂ ಇಲ್ಲ. ಬರ್ಕೊಂಡ್ರಾ? ಕೈಯಲ್ಲಿ ಏನೂ ಇಲ್ಲ."

ಅವನು ಫೋನ್ ಇಡುವುದಕ್ಕೂ ಒಳಗೆ ಹುಡುಕಲು ಹೋಗಿದ್ದ ಓಪಲ್ ಅಡುಗೆಮನೆಯಿಂದ ಬರುವುದಕ್ಕೂ ಸರಿಹೋಯಿತು.

"ಮೇಜಿನ ಮೇಲೆ ಪೀಚ್ ಹಣ್ಣು ಅರ್ಧ ಸಿಪ್ಪೆ ಸುಲಿದು ಬಿದ್ದಿದೆ. ಚಾಕು ಎಲ್ಲಿಟ್ಟಿದೀರ?"

ಲೂಷಿಯಸ್ ರೈಲು ಹಳಿಯ ಕಡೆಗೆ ಓಡಿದ. ಓಪಲ್ ಫೋನ್ ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಚಾಕು ಎಂಬ ಮಾತನ್ನು ಪೊಲೀಸರ ಕಿವಿಗೆ ಹಾಕಬೇಕೋ ಬೇಡವೋ ಅವಳಿಗೂ ತಿಳಿಯಲಿಲ್ಲ.

ಹಳಿಯ ಈಚೆ, ಪಾಳುಬಿದ್ದ ಗೋದಾಮಿನ ಬೇಲಿಗೆ ಬೆನ್ನು ಮಾಡಿ ನಿಂತಿದ್ದಳು ವರ್ಡೆಲ್. ಎದುರಿಗೆ, ಲೂಷಿಯಸ್‌ಗಿಂತ ಮೊದಲೇ ಬಂದು ತಲುಪಿದ್ದ ಪೊಲೀಸ್ ಕಾರು. ಅದರ ಬಾಗಿಲ ಮರೆಯಲ್ಲಿ ಎಳೆ ಮುಖದ ಬಿಳಿಯ ಪೊಲೀಸನೊಬ್ಬ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದಿದ್ದ. "ಚಾಕು ಕೆಳಗೆ ಹಾಕಿ! ಹಾಕಿ ಅಂದೆ!"

ಓಡಿಹೋಗಿ ನಡುವೆ ನಿಲ್ಲಬೇಕೆನಿಸಿತು ಲೂಷಿಯಸ್‌ಗೆ. ಆದರೆ ಪೊಲೀಸನ ಕಡೆಗೆ ಓಡಿಬರುವ ಕಪ್ಪು ಗಂಡಸು ಅವರ ಕಣ್ಣಿಗೆ ಹೇಗೆ ಕಾಣುತ್ತಾನೆಂದು ಅವನಿಗೆ ಗೊತ್ತಿತ್ತು. ಕಾಲುಗಳನ್ನು ತಡೆದ. ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ಒಂದೊಂದೇ ಹೆಜ್ಜೆ ಇಟ್ಟ.

"ಸರ್, ಫೋನ್ ಮಾಡಿದ್ದು ನಾನೇ. ನನ್ನ ಹೆಂಡತಿ ಸರ್ ಅವಳು. ಅದು ಹಣ್ಣಿನ ಚಾಕು."

"ಕೈಯಲ್ಲಿ ಏನೂ ಇಲ್ಲ ಅಂದ್ರಂತಲ್ಲ!" ಪೊಲೀಸನ ದನಿ ನಡುಗುತ್ತಿತ್ತು. "ಅಲ್ಲೇ ನಿಲ್ಲಿ!"

ಅವನು ನಿಂತ. ವರ್ಡೆಲ್ ಗಂಡನತ್ತ ನೋಡಲೇ ಇಲ್ಲ. ಬೆನ್ನ ಹಿಂದೆ ಯಾರನ್ನೋ ಮರೆಮಾಡಿದವಳಂತೆ ತೋಳುಗಳನ್ನು ಅಗಲಿಸಿದ್ದಳು. ಅವಳ ಹಿಂದೆ ಬೇಲಿ, ಬೇಲಿಗೆ ಹಬ್ಬಿದ ಕಾಡುಬಳ್ಳಿ, ಅಷ್ಟೇ.

"ಸರ್, ನಿಮ್ಮನ್ನ ಕರೆಸಿದ್ದು ನಾನು," ಎಂದಳು. "ಆಸ್ಪತ್ರೆಗೆ ಸೇರಿಸೋಕೆ ಕರೆಸಿದ್ದು. ಇವನಿಗೆ ಹುಷಾರಿಲ್ಲ. ನೋಡಿ, ಅವನ ಕೈಯಿಂದ ನಾನೇ ಇಸ್ಕೊಂಡಿದೀನಿ." ಚಾಕುವನ್ನು ಹುಲ್ಲಿನ ಮೇಲೆ ಹಾಕಿದಳು. "ಈಗ ಅವನ ಹತ್ರ ಏನೂ ಇಲ್ಲ. ನನ್ನ ಮಗನಿಗೆ ಏನೂ ಮಾಡ್ಬೇಡಿ."

ಪೊಲೀಸ ಅವಳ ಹಿಂದಿನ ಬೇಲಿಯನ್ನು ನೋಡಿದ. ಆಮೇಲೆ ಲೂಷಿಯಸ್‌ನತ್ತ ತಿರುಗಿದ.

"ಆಯ್ತು ಅನ್ನಿ ಸರ್," ಲೂಷಿಯಸ್ ಬೇಡಿಕೊಂಡ. "ಕೈ ಮುಗಿತೀನಿ. ಆಯ್ತು ಅನ್ನಿ."

ಪಿಸ್ತೂಲು ಮೆಲ್ಲನೆ ಕೆಳಗಿಳಿಯಿತು.

"ಆಯ್ತು ಮೇಡಂ. ಏನೂ ಮಾಡಲ್ಲ. ಮಗನ್ನ... ಮನೆಗೆ ಕರ್ಕೊಂಡು ಹೋಗಿ."

ವರ್ಡೆಲಳ ಮುಖ ಅರಳಿತು. ಲೂಷಿಯಸ್ ಆ ನಗು ಕಂಡು ಎಷ್ಟೋ ವರ್ಷಗಳಾಗಿದ್ದವು. ಅವಳು ಬೇಲಿಯ ಕಡೆ ತಿರುಗಿದಳು.

"ಕೇಳಿಸ್ತಾ ಕಂದಾ? ಹೋಗಿ ಅಂತಿದಾರೆ. ಕೈ ಇಳಿಸಪ್ಪ, ಇನ್ನೆಷ್ಟು ಹೊತ್ತು ಹಾಗೇ ನಿಂತಿರ್ತೀಯ?"

ಕಾಣದ ಒಂದು ಕೈಯನ್ನು ಹಿಡಿದುಕೊಂಡು, ಬೊಬ್ಬೆ ಎದ್ದ ಪಾದಗಳಲ್ಲಿ ಅವಳು ಗಂಡನನ್ನು ದಾಟಿ ಮನೆಯ ದಾರಿ ಹಿಡಿದಳು. ಪೊಲೀಸ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ ಕಾರಿನೊಳಗೆ ಕುಳಿತ. ಲೂಷಿಯಸ್‌ನ ಕೈಗಳು ಮಾತ್ರ ಇನ್ನೂ ಮೇಲೆಯೇ ಇದ್ದವು.